ಲಿನಕ್ಸ್ ಲ್ಯಾಪ್‌ಟಾಪ್‌ಗೆ ಡಿವಿಡಿ ರೈಟರ್: ದುಡ್ಡು ಕೊಡುವ ಮುಂಚೆ ಏನೇನು ನೋಡ್ಬೇಕು?

ಈ ಕಾಲದಲ್ಲಿ ಸಿಡಿ, ಡಿವಿಡಿ ಯಾರಿಗೆ ಬೇಕು ಅಂತ ಕೇಳುವವರಿದ್ದಾರೆ. ಫೋನಿದೆ, ಪೆನ್‌ಡ್ರೈವ್ ಇದೆ, ಇಂಟರ್‌ನೆಟ್‌ನಲ್ಲಿ ಜಾಗ ಸಿಗುತ್ತೆ, ಸರಿ. ಆದರೆ ನಮ್ಮಲ್ಲಿ ಎಷ್ಟೋ ಜನರ ಮನೆಯ ಪರಿಸ್ಥಿತಿ ನೋಡಿ. ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು. ವಿಡಿಯೋದವರು ಆಗ ಕೊಟ್ಟದ್ದು ಮೂರು ಸಿಡಿ. ತೀರಿಹೋದ ಅಪ್ಪ ನಡೆದಾಡೋದು, ಅಜ್ಜಿ ಮಾತಾಡೋದು ಉಳಿದಿರೋದು ಅದರಲ್ಲಿ ಮಾತ್ರ. ಆ ಸಿಡಿ ಕುಂದಾಪುರದಲ್ಲೋ ಭಟ್ಕಳದಲ್ಲೋ ಕಪಾಟಿನೊಳಗೆ ಕೂತು ಪ್ರತಿ ಮಳೆಗಾಲದ ತೇವಕ್ಕೂ ಬೂಸರು ಹಿಡೀತಾ ಇದೆ. ರಜೆಯಲ್ಲಿ ಹೋದಾಗ ತಂದು ಕಾಪಿ ಮಾಡೋಣ ಅಂದ್ರೆ ಈಗಿನ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕೋಕೆ ಜಾಗವೇ ಇಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೇ ಲ್ಯಾಪ್‌ಟಾಪ್ ಬಿಸಾಡೋಕೆ ಮನಸ್ಸಿಲ್ಲದವರು ಅದಕ್ಕೆ ಉಬುಂಟು, ಲಿನಕ್ಸ್ ಮಿಂಟ್ ಹಾಕಿಕೊಳ್ಳುತ್ತಿದ್ದಾರೆ. ಅಂಥವರು ಅಂಗಡಿಗೆ ಹೋದರೆ ಡಿವಿಡಿ ರೈಟರ್ ಡಬ್ಬದ ಮೇಲೆ ವಿಂಡೋಸ್, ಮ್ಯಾಕ್ ಅಂತ ಎರಡೇ ಹೆಸರು. ಲಿನಕ್ಸ್‌ಗೆ ಇದು ನಡೆಯುತ್ತಾ ಅಂತ ಕೇಳಿದ್ರೆ ಅಂಗಡಿಯವನಿಗೂ ಗೊತ್ತಿಲ್ಲ. ಈ ಲೇಖನ ಆ ಪ್ರಶ್ನೆಗೆ.

ಡಬ್ಬದ ಮೇಲೆ ಹೆಸರಿಲ್ಲದಿದ್ರೂ ನಡೆಯುತ್ತೆ

ಪ್ರಿಂಟರ್, ವೈಫೈ ಕಾರ್ಡ್‌ಗಳಿಗೆ ಒಂದೊಂದು ಕಂಪನಿಯದ್ದೂ ಒಂದೊಂದು ಡ್ರೈವರ್ ಬೇಕಾಗಬಹುದು. ಡಿಸ್ಕ್ ಡ್ರೈವ್ ಹಾಗಲ್ಲ. ಎಲ್‌ಜಿ ಆಗಲಿ, ಏಸಸ್ ಆಗಲಿ, ಲೈಟ್‌ಆನ್ ಆಗಲಿ, ಕಂಪ್ಯೂಟರ್ ಜೊತೆ ಮಾತಾಡೋದು ಒಂದೇ ಭಾಷೆಯಲ್ಲಿ. ಆ ಆಜ್ಞೆಗಳ ಪಟ್ಟಿಗೆ ಎಂಎಂಸಿ ಅಂತ ಹೆಸರು. 'ಓದು', 'ಬರೆ', 'ಟ್ರೇ ತೆಗೆ', ಎಲ್ಲಾ ಅದರಲ್ಲೇ ಇದೆ. ಯುಎಸ್‌ಬಿ ಡ್ರೈವ್ ಆದರೆ ಪೆನ್‌ಡ್ರೈವ್ ಬಳಸುವ ದಾರಿಯಲ್ಲೇ ಈ ಆಜ್ಞೆಗಳು ಹೋಗುತ್ತವೆ. ಲಿನಕ್ಸ್ ಕರ್ನಲ್‌ನಲ್ಲಿ ಇದೆಲ್ಲ ಮೊದಲೇ ಇರೋದರಿಂದ ಡ್ರೈವರ್ ಸಿಡಿ ಹಾಕುವ ಕೆಲಸ ಇಲ್ಲ. ಚುಚ್ಚಿದ ಕೂಡಲೇ ಸಿಸ್ಟಂ ಅದಕ್ಕೆ ಎಸ್‌ಆರ್0 ಅಂತ ಹೆಸರು ಕೊಟ್ಟು ಕೂರಿಸುತ್ತೆ.

ಮೊದಲು ಹೀಗಿರಲಿಲ್ಲ. ಕರ್ನಲ್ 2.4ರ ಕಾಲದಲ್ಲಿ ಕಂಪ್ಯೂಟರ್ ಒಳಗಿನ ಐಡಿಇ ರೈಟರನ್ನು ಸ್ಕಸಿ ಡ್ರೈವ್ ಅಂತ ನಂಬಿಸಿ, ಬೂಟ್ ಆಗುವಾಗಲೇ ಒಂದು ಸಾಲು ಬರೆದುಕೊಟ್ಟು ಬರ್ನ್ ಮಾಡಬೇಕಿತ್ತು. 2003ರ ಡಿಸೆಂಬರ್‌ನಲ್ಲಿ ಬಂದ 2.6ರಿಂದ ಆ ಸುತ್ತುದಾರಿ ತಪ್ಪಿತು. ಲಿನಕ್ಸ್‌ನಲ್ಲಿ ಸಿಡಿ ಬರ್ನ್ ಮಾಡೋದು ತಲೆನೋವು ಅಂತ ಯಾರಾದ್ರೂ ಹೇಳಿದ್ರೆ ಅವರು ಆ ಕಾಲದ ಮಾತು ಹೇಳ್ತಿದ್ದಾರೆ ಅಂತ ತಿಳ್ಕೊಳ್ಳಿ.

ನಡೆಯದ ಡ್ರೈವ್ ಯಾವುದು?

ಹೆಚ್ಚು ಎಚ್ಚರ ಬೇಕಾದ್ದು ಆಪಲ್ ಕಂಪನಿಯ ಯುಎಸ್‌ಬಿ ಸೂಪರ್‌ಡ್ರೈವ್ ವಿಷಯದಲ್ಲಿ. 2008ರಲ್ಲಿ ಮ್ಯಾಕ್‌ಬುಕ್ ಏರ್ ಜೊತೆಗೆ ಬಂದ ತೆಳ್ಳಗಿನ ಬೆಳ್ಳಿ ಬಣ್ಣದ ಡ್ರೈವ್. ನೋಡೋಕೆ ಚೆಂದ, ಸೆಕೆಂಡ್ ಹ್ಯಾಂಡ್ ಕಡಿಮೆಗೂ ಸಿಗುತ್ತೆ. ಆದರೆ ಅದು ಎಚ್ಚರ ಆಗಬೇಕಾದ್ರೆ ಮ್ಯಾಕ್ ಮಾತ್ರ ಕಳಿಸುವ ಒಂದು ವಿಶೇಷ ಆಜ್ಞೆ ಬೇಕು. ಅದು ಬರುವ ತನಕ ಡಿಸ್ಕನ್ನು ಒಳಗೇ ತಗೊಳ್ಳೋದಿಲ್ಲ. ಲಿನಕ್ಸ್‌ನಲ್ಲಿ ಆ ಆಜ್ಞೆಯನ್ನು ಕೈಯಾರೆ ಕಳಿಸುವ ಉಪಾಯ ಇದೆ, ಆದರೆ ಹೊಸಬರು ಆ ಗೋಜಿಗೆ ಹೋಗೋದು ಬೇಡ. ಬೇರೆ ಡ್ರೈವ್ ತಗೊಳ್ಳಿ.

ಇನ್ನೊಂದು ಮಾತು. ಡ್ರೈವಿನ ಫರ್ಮ್‌ವೇರ್ ಬದಲಿಸುವ ಪ್ರೋಗ್ರಾಂ ಅನ್ನು ಕಂಪನಿಗಳು ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ಕೊಡುತ್ತವೆ. ಡಬ್ಬದೊಳಗೆ ಬರುವ ಬರ್ನಿಂಗ್ ಸಾಫ್ಟ್‌ವೇರ್ ಕೂಡ ಹಾಗೇ. ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ, ನಮಗೆ ಅದು ಉಪಯೋಗ ಇಲ್ಲ.

ಕರೆಂಟ್ ಸಾಕಾಗದಿದ್ರೆ ಡಿಸ್ಕ್ ಹಾಳು

ಡ್ರೈವ್ ಸರಿ ಇದ್ದರೂ ಬರ್ನ್ ಅರ್ಧಕ್ಕೆ ನಿಲ್ಲೋದಕ್ಕೆ ದೊಡ್ಡ ಕಾರಣ ಕರೆಂಟ್. ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3 ಕೊಡೋದು 900. ಬರೆಯುವಾಗ ಲೇಸರ್ ಮತ್ತು ಮೋಟರ್ ಎರಡೂ ಸೇರಿ ಅದಕ್ಕಿಂತ ಹೆಚ್ಚು ಎಳೆಯೋದುಂಟು. ಓದುವಾಗ ಸರಿ ಇದ್ದು ಬರೆಯುವಾಗ ಕೈಕೊಡುವ ಡ್ರೈವ್ ಇದ್ರೆ ಮೊದಲು ಅನುಮಾನ ಪಡಬೇಕಾದ್ದು ಇದರ ಮೇಲೆ. ಅದಕ್ಕೇ ಎರಡು ಪಿನ್ ಇರುವ ಕವಲು ಕೇಬಲ್ ಬರುವ ಡ್ರೈವ್ ಹಳೇ ಲ್ಯಾಪ್‌ಟಾಪ್‌ಗೆ ಒಳ್ಳೇದು. ಲ್ಯಾಪ್‌ಟಾಪ್‌ನ ಪೋರ್ಟಿಗೇ ನೇರ ಹಾಕಿ, ಕರೆಂಟ್ ಇಲ್ಲದ ಹಬ್‌ಗೆ ಹಾಕಬೇಡಿ. ಚಾರ್ಜರ್ ಕೂಡ ಚುಚ್ಚಿರಲಿ.

ದೊಡ್ಡ ಡ್ರೈವ್ ತಗೊಂಡ್ರೆ ಅದಕ್ಕೆ ಬೇರೆ ಅಡಾಪ್ಟರ್ ಇರುತ್ತೆ. ಇಲ್ಲಿಯದು ಚೌಕದ ಮೂರು ಪಿನ್, ಊರಲ್ಲಿ ಗುಂಡು ಪಿನ್. ಊರಿಗೆ ಒಯ್ಯೋದಾದ್ರೆ ಪ್ಲಗ್ ಬದಲಿಸುವ ಸಾಮಾನು ಜೊತೆಗಿರಲಿ.

ಹಳೇ ಲ್ಯಾಪ್‌ಟಾಪ್‌ನ ಒಳಗಿನ ಡ್ರೈವೇ ಕೆಟ್ಟಿದ್ರೆ ಅದನ್ನೇ ಬದಲಿಸಬಹುದು. ಆಗ ದಪ್ಪ ಅಳೆದುಕೊಂಡು ಹೋಗಿ: 12.7 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್ ಅಂತ ಎರಡು ಬಗೆ. ದಪ್ಪದ್ದು ತೆಳ್ಳಗಿನ ಜಾಗದಲ್ಲಿ ಕೂರೋದಿಲ್ಲ.

ಕುವೈತ್ 2, ಇಂಡಿಯಾ 5

ಇದು ನಮ್ಮಂಥ ಎರಡು ದೇಶದವರಿಗೇ ಬರುವ ತೊಂದರೆ. ಸಿನಿಮಾ ಡಿವಿಡಿಗಳಿಗೆ ಜಗತ್ತನ್ನು ರೀಜನ್ ಅಂತ ಭಾಗ ಮಾಡಿದ್ದಾರೆ. ಕುವೈತ್ ಇರೋದು ರೀಜನ್ 2ರಲ್ಲಿ, ಇಂಡಿಯಾ ರೀಜನ್ 5ರಲ್ಲಿ. ರೀಜನ್ 5 ಅಂತ ಗುರುತು ಹಾಕಿದ ಡಿಸ್ಕನ್ನು ರೀಜನ್ 2ಕ್ಕೆ ಇಟ್ಟ ಡ್ರೈವ್ ಒಪ್ಪದೇ ಇರಬಹುದು. ಡ್ರೈವಿನ ರೀಜನ್ ಬದಲಿಸಬಹುದು, ಆದರೆ ಒಟ್ಟು 5 ಸಲ ಮಾತ್ರ. ಆಮೇಲೆ ಕೊನೆಗೆ ಇಟ್ಟದ್ದೇ ಖಾಯಂ. ಲಿನಕ್ಸ್‌ನಲ್ಲಿ ಅದಕ್ಕೆ ರೀಜನ್‌ಸೆಟ್ ಅನ್ನೋ ಪ್ರೋಗ್ರಾಂ ಇದೆ. ಊರಿಂದ ತಂದ ಸಿನಿಮಾಗಳನ್ನೇ ನೋಡುವವರು ಒಂದು ಸಲ 5ಕ್ಕೆ ಇಟ್ಟು ಸುಮ್ಮನಾಗಿ.

ಮದುವೆ ವಿಡಿಯೋದವರು ಬರ್ನ್ ಮಾಡಿ ಕೊಟ್ಟ ಡಿಸ್ಕ್‌ಗೆ ಸಾಮಾನ್ಯವಾಗಿ ಈ ಬೀಗ ಇರೋದಿಲ್ಲ. ಫೋಟೋ, ದಾಖಲೆ ಬರೆದ ಡಿಸ್ಕ್‌ಗಂತೂ ರೀಜನ್ ಅನ್ನೋದೇ ಇಲ್ಲ. ಟಿವಿ ಪದ್ಧತಿ ಎರಡೂ ಕಡೆ ಪಾಲ್ ಆಗಿರೋದ್ರಿಂದ ಆ ಚಿಂತೆಯೂ ಬೇಡ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ. ಹೋಗುವಾಗ ನಿಮ್ಮ ಲ್ಯಾಪ್‌ಟಾಪ್ ಮತ್ತು ಒಂದು ಖಾಲಿ ಡಿಸ್ಕ್ ಹಿಡ್ಕೊಂಡು ಹೋಗಿ. ಲಿನಕ್ಸ್ ಇನ್ನೂ ಹಾಕಿಲ್ಲದಿದ್ರೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಸಾಕು. ನೋಡಬೇಕಾದ್ದು ಇಷ್ಟು:

1. ಡ್ರೈವ್ ಚುಚ್ಚಿ, ಬರೆದಿರುವ ಒಂದು ಡಿಸ್ಕ್ ಹಾಕಿ. ಫೈಲುಗಳು ಕಾಣ್ಬೇಕು.
2. ಬರ್ನಿಂಗ್ ಪ್ರೋಗ್ರಾಂ ತೆರೆದು ಡ್ರೈವಿನ ಹೆಸರು 'ಬರೆಯುವ ಡ್ರೈವ್' ಪಟ್ಟಿಯಲ್ಲಿದೆಯಾ ನೋಡಿ. ಓದೋಕೆ ಮಾತ್ರ ಆಗುವ ಡ್ರೈವನ್ನೂ ಕೆಲವರು ರೈಟರ್ ಅಂತ ಮಾರ್ತಾರೆ.
3. ಖಾಲಿ ಡಿಸ್ಕ್‌ಗೆ ಒಂದಿಷ್ಟು ಫೋಟೋ ಬರೆಯಿರಿ. 'ವೆರಿಫೈ' ಅನ್ನೋದಕ್ಕೆ ಟಿಕ್ ಹಾಕಿರಿ, ಬರೆದದ್ದನ್ನು ಅದೇ ಓದಿ ತಾಳೆ ನೋಡುತ್ತೆ.
4. ಆ ಡಿಸ್ಕನ್ನು ಅಂಗಡಿಯ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.
5. ಬಿಲ್ ಕೇಳಿ ತಗೊಳ್ಳಿ. ಎಷ್ಟು ದಿನದೊಳಗೆ ಬದಲಿಸಿ ಕೊಡ್ತಾರೆ ಅನ್ನೋದನ್ನು ಅದರ ಮೇಲೆ ಬರೆಸ್ಕೊಳ್ಳಿ.

ನಾಲ್ಕೈದು ಜನ ಇರುವ ರೂಮಿಗೆ ಒಂದು ಡ್ರೈವ್ ಸಾಕು. ದಿನಾ ಬೇಕಾಗುವ ವಸ್ತು ಅಲ್ಲ ಇದು, ಎಲ್ಲರೂ ಸೇರಿ ತಗೊಂಡ್ರೆ ಖರ್ಚೂ ಹಂಚಿಹೋಗುತ್ತೆ. ಬ್ಲೂರೇ ರೈಟರ್ ಬೇಕಾ ಅಂತ ಕೇಳುವವರಿಗೆ: ಒಂದು ಡಿಸ್ಕ್‌ನಲ್ಲಿ 25 ಜಿಬಿ ಹಿಡಿಯುತ್ತೆ ನಿಜ, ಲಿನಕ್ಸ್‌ನಲ್ಲಿ ಫೈಲು ಬರೆಯೋಕೂ ಆಗುತ್ತೆ. ಆದರೆ ಡ್ರೈವೂ ಡಿಸ್ಕೂ ದುಬಾರಿ. ಸೋನಿ ಕಂಪನಿ ಬರೆಯುವ ಬ್ಲೂರೇ ಡಿಸ್ಕ್ ತಯಾರಿಸೋದನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ನಮ್ಮ ಕೆಲಸಕ್ಕೆ ಡಿವಿಡಿಯೇ ಸಾಕು.

ಯಾವ ಪ್ರೋಗ್ರಾಂ?

ಕೆ3ಬಿ, ಬ್ರಸೆರೊ, ಎಕ್ಸ್‌ಎಫ್‌ಬರ್ನ್, ಈ ಮೂರರಲ್ಲಿ ಯಾವುದಾದ್ರೂ ಸರಿ. ಮೂರೂ ಪುಕ್ಕಟೆ, ಸಿಸ್ಟಂನ ಸಾಫ್ಟ್‌ವೇರ್ ಪಟ್ಟಿಯಲ್ಲೇ ಸಿಗುತ್ತವೆ. ಹೆಚ್ಚು ಸೌಲಭ್ಯ ಬೇಕಾದವರಿಗೆ ಕೆ3ಬಿ, ಸರಳವಾಗಿ ಬೇಕಾದವರಿಗೆ ಎಕ್ಸ್‌ಎಫ್‌ಬರ್ನ್. ಡೆಬಿಯನ್‌ನಲ್ಲಿ ಡ್ರೈವ್ ಕಂಡರೂ 'ಅನುಮತಿ ಇಲ್ಲ' ಅಂತ ಬಂದ್ರೆ ನಿಮ್ಮ ಹೆಸರನ್ನು 'ಸಿಡಿರಾಮ್' ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ.

ಹಳೇ ಮದುವೆ ಸಿಡಿ ವಿಷಯದಲ್ಲಿ ಒಂದು ಮುಖ್ಯ ಮಾತು. ಅವು ಹೆಚ್ಚಾಗಿ ವಿಸಿಡಿ. ಒಳಗೆ 'ಡ್ಯಾಟ್' ಅಂತ ಕೊನೆಯಾಗುವ ದೊಡ್ಡ ಫೈಲ್ ಇರುತ್ತೆ. ಅದನ್ನು ಎಳೆದು ಫೋಲ್ಡರ್‌ಗೆ ಹಾಕಿದ್ರೆ ಲಿನಕ್ಸ್‌ನಲ್ಲಿ 'ಇನ್‌ಪುಟ್ ಔಟ್‌ಪುಟ್ ಎರರ್' ಬರುತ್ತೆ. ಸಿಡಿ ಕೆಟ್ಟೋಯ್ತು ಅಂತ ಬಿಸಾಡಬೇಡಿ! ವಿಸಿಡಿಯಲ್ಲಿ ವಿಡಿಯೋ ಬರೆಯುವ ಸೆಕ್ಟರ್‌ಗಳೇ ಬೇರೆ ಥರ, ಮಾಮೂಲಿ ಕಾಪಿಗೆ ಅವು ಸಿಕ್ಕೋದಿಲ್ಲ. ವಿಎಲ್‌ಸಿಯಲ್ಲಿ ಡಿಸ್ಕ್ ತೆರೆದು ಆಡಿಸಿ ನೋಡಿ. ಕಾಪಿ ತೆಗೆಯೋಕೆ ವಿಸಿಡಿಎಕ್ಸ್‌ರಿಪ್ ಬಳಸಿ. ನಿಜವಾಗಿ ಗೀರು ಬಿದ್ದ ಡೇಟಾ ಡಿವಿಡಿಗೆ ಡಿಡಿರೆಸ್ಕ್ಯೂ ಇದೆ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ತಿರುಗಿ ಬಂದು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ. ರಾತ್ರಿ ಹಚ್ಚಿಟ್ಟು ಮಲಗಿ.

ಊರಲ್ಲಿ ಅಮ್ಮ ಹಳೇ ಡಿವಿಡಿ ಪ್ಲೇಯರ್‌ನಲ್ಲಿ ಮೊಮ್ಮಗುವಿನ ವಿಡಿಯೋ ನೋಡ್ಬೇಕು ಅಂತಿದ್ರೆ ಫೋನ್‌ನ ಫೈಲನ್ನು ಹಾಗೇ ಬರೆದ್ರೆ ಆಡದೇ ಇರಬಹುದು. ಡಿವಿಡಿಸ್ಟೈಲರ್ ಅಥವಾ ಡಿವೀಡೀ ಪ್ರೋಗ್ರಾಂನಲ್ಲಿ ಪಾಲ್ ಡಿವಿಡಿಯಾಗಿ ತಯಾರು ಮಾಡಿ, ಆಮೇಲೆ ಬರ್ನ್ ಮಾಡಿ.

ಡಿಸ್ಕ್‌ಗೆ ಬಿಸಿಲೇ ಶತ್ರು

ಬರೆಯುವ ಡಿಸ್ಕ್‌ಗಳಲ್ಲಿ ಹೆಚ್ಚಿನವುಗಳ ಒಳಗಿರೋದು ಒಂದು ಬಣ್ಣದ ಪದರ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತೆ. ಬಿಸಿಲು, ಶಾಖ ಎರಡೂ ಆ ಪದರವನ್ನು ಕೆಡಿಸುತ್ತವೆ. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಅದು ನೆರಳಿನ ಲೆಕ್ಕ, ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಡಿಸ್ಕ್ ಇಟ್ಟು ಹೋಗಲೇಬೇಡಿ. ಧೂಳಿನ ಗಾಳಿ ಬಂದ ದಿನ ಡ್ರೈವ್ ಮುಚ್ಚಿಡಿ. ಡಿಸ್ಕ್ ಒರೆಸೋದಾದ್ರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ.

ಸಿಡಿಯಲ್ಲಿ 700 ಎಂಬಿ, ಮಾಮೂಲಿ ಡಿವಿಡಿಯಲ್ಲಿ 4.7 ಜಿಬಿ ಅಂತ ಬರೆದಿರ್ತಾರೆ. 4.3 ಜಿಬಿಗೆ ನಿಲ್ಲಿಸಿದ್ರೆ ಕ್ಷೇಮ. ಮುಖ್ಯವಾದದ್ದಕ್ಕೆ ವೇಗ ಕಡಿಮೆ ಇಡಿ: ಡಿಸ್ಕ್ ಮೇಲೆ 16 ಅಂತಿದ್ರೂ 4 ಅಥವಾ 8ರಲ್ಲಿ ಬರೆದ್ರೆ ಸಾಕು. ಹತ್ತು ಹದಿನೈದು ನಿಮಿಷ ಹೆಚ್ಚು ಹೋದ್ರೆ ಹೋಗ್ಲಿ.

ಕನ್ನಡದ ಫೈಲುಗಳಿದ್ರೆ

ಫೈಲಿನ ಹೆಸರು ಕನ್ನಡದಲ್ಲಿದ್ರೆ ಬರ್ನಿಂಗ್ ಪ್ರೋಗ್ರಾಂನಲ್ಲಿ 'ಜೋಲಿಯೆಟ್' ಆಯ್ಕೆ ಹಾಕಿ. ಆಗ ವಿಂಡೋಸ್‌ನಲ್ಲೂ ಹೆಸರು ಸರಿಯಾಗಿ ಕಾಣುತ್ತೆ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳಿದ್ರೆ ಅವನ್ನು ಪಿಡಿಎಫ್ ಮಾಡಿ ಜೊತೆಗೆ ಇಡಿ. ಯುನಿಕೋಡ್ ಅಲ್ಲದ ಆ ಫೈಲುಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ.

ಏನೇನು ಬರೆದಿಡಬೇಕು? ಫೋಟೋ, ವಿಡಿಯೋ ಜೊತೆಗೆ ಪಾಸ್‌ಪೋರ್ಟ್, ಸಿವಿಲ್ ಐಡಿ, ಕೆಲಸದ ಕರಾರು, ಸಂಬಳದ ಚೀಟಿ, ಮಕ್ಕಳ ಅಂಕಪಟ್ಟಿ, ಜಾಗದ ಕಾಗದ, ಎಲ್ಲದರ ಸ್ಕ್ಯಾನ್ ಪ್ರತಿ. ಕೆಲಸ ಬಿಡುವಾಗ ಕಂಪನಿಯ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು, ಫೋನ್ ಕಳೆದುಹೋಗಬಹುದು. ಒಂದು ಸಲ ಬರೆದು ಮುಗಿಸಿದ ಡಿವಿಡಿಯಲ್ಲಿರೋದನ್ನು ಯಾವ ವೈರಸ್ಸೂ ಬದಲಿಸೋಕಾಗೋದಿಲ್ಲ. ಎರಡು ಪ್ರತಿ ಮಾಡಿ, ಒಂದು ಇಲ್ಲಿ ಕಪಾಟಿನಲ್ಲಿರಲಿ, ಇನ್ನೊಂದನ್ನು ರಜೆಗೆ ಹೋಗುವಾಗ ಕೈಚೀಲದಲ್ಲಿ ಊರಿಗೆ ಒಯ್ಯಿರಿ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡಿ. ಓದೋದು ನಿಧಾನ ಆಗ್ತಿದೆ ಅನ್ನಿಸಿದ್ರೆ ಅವತ್ತೇ ಹೊಸ ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ.