ಓಟಿ ನುಂಗಿದ ನೌಕರಿ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ನಂಬಿದ ಮನೆಗಳ ಎಲ್ಲ ಮಕ್ಕಳಿಗೂ ಹೊಲದಲ್ಲೇ ಬದುಕು ಸಿಗುವುದಿಲ್ಲ. ತರೀಕೆರೆ ಕಡೆಯವರಿಗೆ ಹತ್ತಿರವಿದ್ದ ಭದ್ರಾವತಿಯ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಐಟಿಐ ಮುಗಿಸಿದವರು ಬೆಂಗಳೂರಿನ ರೈಲು ಹತ್ತುತ್ತಾರೆ. ಕಂಪನಿಗಳ ಕೈಯಲ್ಲಿ ದುಡ್ಡು ಉಳಿದರೆ ಕೆಲಸ ತಾನಾಗಿ ಹುಟ್ಟುತ್ತದೆ ಎಂಬ ಭರವಸೆಯಲ್ಲೇ 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಲಾಭವೇನೋ ಬಂತು. ಆದರೆ 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಏರಿದಾಗ ನೌಕರರ ಸಂಖ್ಯೆ ಏರಿದ್ದು ಬರೀ ಶೇ 1.5. ಇದನ್ನು ಹೇಳಿದ್ದು ಕಾರ್ಮಿಕ ಸಂಘವಲ್ಲ, ಕೇಂದ್ರದ್ದೇ ಆರ್ಥಿಕ ಸಮೀಕ್ಷೆ.

ಹಾಗಾದರೆ ಹೆಚ್ಚಿನ ಕೆಲಸವನ್ನು ಮಾಡಿದವರು ಯಾರು? ಓಟಿ, ಅಂದರೆ ಹೆಚ್ಚುವರಿ ಗಂಟೆ ದುಡಿದ ಹಳಬರೇ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದರೆ ಡಬಲ್ ಸಂಬಳ ಎಂದಿತ್ತು. ಹೆಚ್ಚುವರಿ ಗಂಟೆ ದುಬಾರಿಯಾದರೆ ಮಾಲೀಕ ಹೊಸಬರನ್ನು ಸೇರಿಸಿಕೊಳ್ಳಬೇಕಾಗುತ್ತದೆ. 2020ರ ಮೇ ತಿಂಗಳಲ್ಲಿ ಕರ್ನಾಟಕ ಈ ಮಿತಿ ಸಡಿಲಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಜೂನ್‌ನಲ್ಲಿ ಹಿಂದಕ್ಕೆ ಪಡೆಯಿತು. ಆದರೆ 2023ರ ಫೆಬ್ರುವರಿಯಲ್ಲಿ ವಿಧಾನಮಂಡಲ ಕಾಯ್ದೆಯನ್ನೇ ತಿದ್ದಿ, ಕಾರ್ಮಿಕರು ಒಪ್ಪಿ ಬರೆದುಕೊಟ್ಟರೆ ದಿನಕ್ಕೆ 12 ಗಂಟೆ ದುಡಿಸಬಹುದು ಎಂದಿತು. ಮೂರು ತಿಂಗಳ ಓಟಿ ಮಿತಿ 75 ಗಂಟೆಯಿಂದ 144ಕ್ಕೇರಿತು. ಲೆಕ್ಕ ಹಾಕಿ ನೋಡಿ: ವಾರಕ್ಕೆ 48ರಂತೆ 13 ವಾರಕ್ಕೆ ಒಬ್ಬರ ದುಡಿಮೆ 624 ಗಂಟೆ. ಐವರು ಪೂರ್ತಿ ಓಟಿ ಮಾಡಿದರೆ 720 ಗಂಟೆ, ಅಂದರೆ ಒಬ್ಬರ ನೌಕರಿಗಿಂತಲೂ ಹೆಚ್ಚು. ಡಬಲ್ ಕೊಟ್ಟರೂ ಕಂಪನಿಗೆ ಹೊಸಬರ ಪಿಎಫ್, ಬೋನಸ್, ತರಬೇತಿಯ ಖರ್ಚು ತಪ್ಪುತ್ತದೆ. ಆರ್ಡರ್ ಇಳಿದಾಗ ಯಾರನ್ನೂ ತೆಗೆಯಬೇಕಾಗಿಲ್ಲ. ಡಬಲ್ ಬದಲು ಸಿಂಗಲ್ ಕೊಟ್ಟು ಮುಗಿಸುವ ಕಡೆಯಂತೂ ಹೊಸ ನೇಮಕದ ಮಾತೇ ಏಳುವುದಿಲ್ಲ.

ಕಾರ್ಮಿಕರೇ ಓಟಿ ಕೇಳುತ್ತಾರಲ್ಲ ಎನ್ನಬಹುದು. ನಿಜ. ರೂಮಿನ ಬಾಡಿಗೆ ಕಟ್ಟಿ ಊರಿಗೆ ದುಡ್ಡು ಕಳಿಸಲು ಮೂಲ ಸಂಬಳ ಸಾಲದಿದ್ದರೆ ಯಾರಾದರೂ ಕೇಳುತ್ತಾರೆ. ಕಾಂಟ್ರಾಕ್ಟ್‌ನಲ್ಲಿರುವವರ ಸಹಿಯನ್ನು ಒಪ್ಪಿಗೆ ಎನ್ನಲು ಮನಸ್ಸು ಬಾರದು. ಸೀಸನ್ ಆರ್ಡರ್ ಮುಗಿಸಲು ಹಳೆಯ 75 ಗಂಟೆಯ ಓಟಿ ಇದ್ದೇ ಇತ್ತು. ನಿಯಮ ಬಿಗಿಯಾದರೆ ಬಂಡವಾಳ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂಬ ಮಾತನ್ನು ತಳ್ಳಿಹಾಕಲಾಗದು. ದೇವನಹಳ್ಳಿಯ ಫಾಕ್ಸ್‌ಕಾನ್ ಘಟಕ ನಮ್ಮವರಿಗೂ ಕೆಲಸ ಕೊಡಬಲ್ಲದು. ಆದರೆ ಕೆಲಸ ಕೊಡುತ್ತೇವೆಂದು ಜಮೀನು, ರಿಯಾಯಿತಿ ಪಡೆದವರು ಪ್ರತಿ ವರ್ಷ ಹೊಸ ಪಿಎಫ್ ಖಾತೆಗಳ ಸಂಖ್ಯೆಯನ್ನೂ ಓಟಿ ಗಂಟೆಗಳ ಲೆಕ್ಕವನ್ನೂ ಜನರ ಮುಂದಿಡಲಿ. ಓಟಿ ಮಿತಿ ಮತ್ತೆ 75ಕ್ಕೆ ಇಳಿಯಲಿ. ಕಡೂರು, ತರೀಕೆರೆಯ ಶಾಸಕರು ಈ ಎರಡನ್ನೂ ಸದನದಲ್ಲಿ ಕೇಳಬೇಕು. ಮತ ಕೇಳಲು ಬಂದಾಗ ನಾವು ಅವರನ್ನು ಕೇಳಬೇಕು.