ನಮ್ಮ ತರುಣ ಶಾಖೆಗೆ ತಕ್ಕ ಜಾಲತಾಣ

ಕಳೆದ ಬೇಸಗೆಯ ರಜೆ ಮುಗಿಯಲು ಒಂದು ವಾರವಿರುವಾಗ ನಮ್ಮ ತರುಣ ಸಂಘದ ವಿಶಾಖಪಟ್ಟಣ ಶಾಖೆಯ ನಾಲ್ವರು ವಿದ್ಯಾರ್ಥಿಗಳು ನಮ್ಮ ಬಿಡಾರಕ್ಕೆ ಬಂದರು. ಅವರ ಕೈಯಲ್ಲಿ ಒಂದು ನೋಟುಬುಕ್ಕು. "ಸಾರ್, ಶಾಖೆಗೆ ಜಾಲತಾಣ ಮಾಡುತ್ತಿದ್ದೇವೆ, ಕನ್ನಡದ ತಪ್ಪುಗಳನ್ನು ತಿದ್ದಿಕೊಡಿ" ಎಂದರು. ಕನ್ನಡ ಮಾಧ್ಯಮದಲ್ಲಿಯೇ ಓದಿ, ಉದ್ಯೋಗವನ್ನರಸಿ ಈ ಪೂರ್ವ ಕರಾವಳಿಗೆ ಬಂದ ನಮಗೆ ಕಾಗುಣಿತ ತಿದ್ದುವುದೇನೂ ಕಷ್ಟವಲ್ಲ. ಆದರೆ ಹಾಳೆಗಳನ್ನು ತಿರುವಿದಾಗ, ತಿದ್ದಬೇಕಾದುದು ಕಾಗುಣಿತವಲ್ಲವೆಂದು ತೋರಿತು.

ಮೊದಲ ಹಾಳೆಯಲ್ಲಿ ಗಿರಗಿರನೆ ತಿರುಗುವ ಲಾಂಛನ; ಅದರ ಕೆಳಗೆ ಎಡದಿಂದ ಬಲಕ್ಕೆ ಓಡುವ ಅಕ್ಷರಗಳು; ಪುಟ ತೆರೆದೊಡನೆ ತಾನಾಗಿಯೇ ಮೊಳಗತಕ್ಕ ವಾದ್ಯ. ಎರಡನೆಯ ಹಾಳೆಯಲ್ಲಿ ಪದಾಧಿಕಾರಿಗಳ ಭಾವಚಿತ್ರಗಳು. ಮೂರನೆಯದರಲ್ಲಿ ಅರಕು ಕಣಿವೆಗೆ ಹೋಗಿಬಂದ ಪ್ರವಾಸದ ನಲವತ್ತು ಚಿತ್ರಗಳು. ನಾಲ್ಕನೆಯದರಲ್ಲಿ ಎಲ್ಲ ಸದಸ್ಯರ ಹೆಸರು, ತರಗತಿ, ಮನೆಯ ವಿಳಾಸ, ಮೊಬೈಲು ಸಂಖ್ಯೆ. ಶಾಖೆಯವರು ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಸೇರುತ್ತಾರೆಂಬ ಸಂಗತಿ ಮಾತ್ರ ಎಲ್ಲಿಯೂ ಇರಲಿಲ್ಲ! ಅದನ್ನು ಕೇಳಿದಾಗ, "ಅದು ನಮಗೆಲ್ಲ ಗೊತ್ತೇ ಇದೆಯಲ್ಲ, ಸಾರ್" ಎಂದು ಒಬ್ಬನು ಉತ್ತರವಿತ್ತನು.

ಈ ಉತ್ತರದಲ್ಲಿಯೇ ತೊಡಕು ಅಡಗಿದೆ. ಜಾಲತಾಣವು ಗೊತ್ತಿದ್ದವರಿಗಾಗಿ ಇರುವುದಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಈ ಏರ್ಪಾಟನ್ನು ಸೂಚಿಸಿದುದೂ ಇದೇ ಕಾರಣಕ್ಕಾಗಿ. ನಾನಾ ದೇಶಗಳಿಂದ ಬಂದು ಹೋಗುತ್ತಿದ್ದ ವಿಜ್ಞಾನಿಗಳೊಡನೆ ಅವರಿಗೆ ತಿಳಿದಿದ್ದ ವಿಷಯಗಳೂ ಹೊರಟುಹೋಗುತ್ತಿದ್ದವು. ಹೊಸಬರಿಗೆ ಅವು ಸಿಕ್ಕುವಂತೆ ಮಾಡಬೇಕಾಗಿತ್ತು. ಪ್ರಪಂಚದ ಮೊದಲ ಜಾಲತಾಣವು 1991ರಲ್ಲಿ ಹೊರಬಂದಿತು. ಅದರಲ್ಲಿ ವಾದ್ಯವೂ ಇರಲಿಲ್ಲ, ಭಾವಚಿತ್ರವೂ ಇರಲಿಲ್ಲ. ಬರಿಯ ಬರಹ, ಮತ್ತು ಒಂದು ಬರಹದಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗಳು.

ಹಾಗಾದರೆ ನಮ್ಮ ಶಾಖೆಯ ಪುಟವನ್ನು ತೆರೆಯತಕ್ಕವರು ಯಾರು? ನೌಕಾದಳಕ್ಕೋ ಬಂದರಿಗೋ ಉಕ್ಕಿನ ಕಾರ್ಖಾನೆಗೋ ವರ್ಗವಾಗಿ ಬಂದ ಕನ್ನಡಿಗರ ಮನೆಯ ತಾಯಿಯೊಬ್ಬರು ಎಂದಿಟ್ಟುಕೊಳ್ಳೋಣ. ಅವರಿಗೆ ಊರು ಹೊಸದು, ಭಾಷೆ ಹೊಸದು. ಮಗನನ್ನು ಸೇರಿಸಬಹುದೇ, ಯಾವ ವಯಸ್ಸಿನವರಿಗೆ ಪ್ರವೇಶವಿದೆ, ವಂತಿಗೆ ಎಷ್ಟು, ಜೊತೆಯಲ್ಲಿ ಹಿರಿಯರು ಯಾರಿರುತ್ತಾರೆ, ಮನೆಗೆ ಬಿಡುವುದು ಎಷ್ಟು ಗಂಟೆಗೆ? ಇವೇ ಅವರ ಪ್ರಶ್ನೆಗಳು. ಇವುಗಳಿಗೆ ಮೊದಲ ಪುಟದಲ್ಲಿ, ಬೆರಳಿನಿಂದ ಕೆಳಗೆ ಸರಿಸುವುದಕ್ಕೂ ಮುನ್ನವೇ, ಉತ್ತರ ಸಿಗಬೇಕು. ಸಂಘದ ಧ್ಯೇಯೋದ್ದೇಶಗಳನ್ನು ಉದ್ದವಾಗಿ ಬರೆಯುವ ಅಗತ್ಯವೂ ಇಲ್ಲ. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್, 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಮೊದಲಾದ ದೊಡ್ಡ ಸಂಸ್ಥೆಗಳು ತಮ್ಮ ಇತಿಹಾಸವನ್ನೂ ನಿಯಮಗಳನ್ನೂ ತಾವೇ ಪ್ರಕಟಿಸಿವೆ. ಶಾಖೆಯವರು ಅಲ್ಲಿಗೆ ಒಂದು ಕೊಂಡಿಯನ್ನು ಕೊಟ್ಟರೆ ಸಾಕು. ಮಾತೃಸಂಸ್ಥೆಯ ಲಾಂಛನವನ್ನಂತೂ ಅನುಮತಿಯಿಲ್ಲದೆ ಬಳಸಬಾರದು. ಮರವು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲಿ. ಕೊಂಬೆಯು ತನ್ನ ಊರಿನ ಸಮಾಚಾರವನ್ನು ಹೇಳಲಿ.

ಹಳೆಯ ಸಮಾಚಾರದಿಂದ ಏನಾಗುವುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹಳ್ಳವು ಉಕ್ಕಿ, ವಿಜಯವಾಡದ ಸಿಂಗನಗರದ ಸುತ್ತಲಿನ ಬಡಾವಣೆಗಳು ನೀರಿನಲ್ಲಿ ನಿಂತವು. ಮರುದಿನ ಕೃಷ್ಣೆಯಲ್ಲಿ ಪ್ರಕಾಶಂ ಅಣೆಕಟ್ಟಿಗೆ ಸೆಕೆಂಡಿಗೆ 11 ಲಕ್ಷ ಘನ ಅಡಿಗಳಿಗೂ ಮಿಕ್ಕು ನೀರು ಬಂದಿತು. (ಆಲಮಟ್ಟಿಯಲ್ಲಿ ನಮ್ಮವರು ನೋಡುವ ಕೃಷ್ಣೆಯೇ ಇದು, ಇಲ್ಲಿ ಅವಳ ಗಾತ್ರವೇ ಬೇರೆ.) ಆ ದಿನ ನಮ್ಮ ಪರಿಚಯದ ಒಂದು ಕನ್ನಡ ಕುಟುಂಬವು ಅಲ್ಲಿ ಮೊದಲ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಹಾಲು ನೀರು ತಲುಪಿಸುವ ತರುಣರು ಯಾರಾದರೂ ಇರುವರೇ ಎಂದು ಅವರು ವಿಜಯವಾಡ ಶಾಖೆಯ ಪುಟವನ್ನು ತೆರೆದು, ಅಲ್ಲಿದ್ದ ಸಂಖ್ಯೆಗೆ ಕರೆಮಾಡಿದರು. ಆ ಸಂಖ್ಯೆಯು ಮೂರು ವರ್ಷಗಳ ಹಿಂದಿನ ಕಾರ್ಯದರ್ಶಿಯದು. ಆ ಹುಡುಗನು ಉದ್ಯೋಗಕ್ಕೆಂದು ಹೈದರಾಬಾದಿಗೆ ಹೋಗಿ ಎರಡು ವರ್ಷಗಳಾಗಿದ್ದವು. ಅತ್ತ ಶಾಖೆಯ ಹುಡುಗರು ಆಗಲೇ ಅರ್ಧ ಮೈಲಿಯ ದೂರದಲ್ಲಿ ಆಹಾರದ ಪೊಟ್ಟಣಗಳನ್ನು ಹಂಚುತ್ತಿದ್ದರು! ಇವರಿಗೆ ಅವರ ಸುಳಿವಿಲ್ಲ, ಅವರಿಗೆ ಇವರ ಸುಳಿವಿಲ್ಲ. ನೆರೆಮನೆಯವರ ಔದಾರ್ಯದಿಂದ ಆ ದಿನವೇನೋ ಕಳೆಯಿತು. ಆದರೂ, ತಪ್ಪು ಸಂಖ್ಯೆಯಿರುವ ಪುಟಕ್ಕಿಂತ ಪುಟವಿಲ್ಲದಿರುವುದೇ ಲೇಸೆಂದು ನಾವು ಅಂದಿನಿಂದ ಭಾವಿಸಿದ್ದೇವೆ. ಪುಟವಿಲ್ಲದಿದ್ದರೆ ಅವರು ಆ ಅರ್ಧ ದಿನವನ್ನು ಕಾಯುತ್ತ ಕಳೆಯದೆ ಬೇರೆ ದಾರಿ ನೋಡುತ್ತಿದ್ದರು.

ಆದುದರಿಂದ ಪ್ರತಿಯೊಂದು ಪುಟದ ಕೆಳಗೆ, ಅದನ್ನು ಕೊನೆಯದಾಗಿ ನೋಡಿ ಸರಿಯೆಂದು ಒಪ್ಪಿದ ದಿನಾಂಕವಿರಬೇಕು. ಒಬ್ಬ ವ್ಯಕ್ತಿಯ ಸಂಖ್ಯೆಗೆ ಬದಲಾಗಿ ಶಾಖೆಯದೇ ಆದ ಒಂದು ಸಂಖ್ಯೆಯನ್ನು ಕೊಟ್ಟು, ಅದರ ಸಿಮ್ಮನ್ನು ಹಿರಿಯರೊಬ್ಬರ ವಶದಲ್ಲಿಡುವುದು ಮೇಲು. 112 ಎಂಬ ತುರ್ತು ಸಂಖ್ಯೆಯನ್ನೂ ಮಕ್ಕಳ ಸಹಾಯಕ್ಕಿರುವ 1098ನ್ನೂ ಪಕ್ಕದಲ್ಲಿಯೇ ನಮೂದಿಸಬೇಕು. ಇಷ್ಟಾದರೂ ಜಾಲತಾಣವನ್ನೇ ನಂಬಿ ಕೂರಬಾರದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ವಿದ್ಯುತ್ತೂ ಹೋಯಿತು, ಫೋನೂ ಹೋಯಿತು. ಅಂತಹ ದಿನಗಳಲ್ಲಿ ಗೋಡೆಗೆ ಅಂಟಿಸಿದ ಕಾಗದವೇ ಗತಿ. ಸಂಪರ್ಕದ ಪುಟವು ಒಂದೇ ಹಾಳೆಯಲ್ಲಿ ಅಚ್ಚಾಗುವಷ್ಟು ಚಿಕ್ಕದಾಗಿದ್ದರೆ ಆ ಕಾಗದವೂ ಸಿದ್ಧವಾದಂತೆಯೇ.

ಇನ್ನು ಲಿಪಿಯ ವಿಚಾರ. ಹುಡುಗರಲ್ಲಿ ಒಬ್ಬನು ತನ್ನ ತಂದೆಯ ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಿಂದ ಸ್ವಾಗತದ ಲೇಖನವನ್ನು ಬೆರಳಚ್ಚು ಮಾಡಿದ್ದನು. ಅದನ್ನು ನಮ್ಮ ಮೊಬೈಲಿನಲ್ಲಿ ತೆರೆದಾಗ ಕನ್ನಡವೇ ಇಲ್ಲ. ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ಕಾರಣವಿಷ್ಟೆ. ಆ ಬಗೆಯ ಅಕ್ಷರಗಳಲ್ಲಿ ಕಂಪ್ಯೂಟರು ಇಂಗ್ಲಿಷಿಗೆ ಮೀಸಲಾದ ಸಂಖ್ಯೆಗಳನ್ನೇ ಬರೆದಿಟ್ಟುಕೊಂಡು, ಕನ್ನಡದ ಆಕಾರವನ್ನು ಮೇಲೆ ಹೊದಿಸುತ್ತದೆ. ಆ ಹೊದಿಕೆಯಿಲ್ಲದ ಯಂತ್ರದಲ್ಲಿ ಒಳಗಿನ ಸಂಖ್ಯೆಗಳಷ್ಟೇ ಬಯಲಾಗುತ್ತವೆ. ಇದಕ್ಕೆ ಪರಿಹಾರವಾಗಿ ಬಂದುದು ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಅದು ಕನ್ನಡಕ್ಕೆಂದು ಪ್ರತ್ಯೇಕವಾಗಿ 128 ಸ್ಥಾನಗಳನ್ನು ಮೀಸಲಿಟ್ಟಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಯುನಿಕೋಡಿನಲ್ಲಿ ತೆಲುಗಿನ 128 ಸ್ಥಾನಗಳು ಮುಗಿದೊಡನೆಯೇ ಕನ್ನಡದ ಸ್ಥಾನಗಳು ಮೊದಲಾಗುತ್ತವೆ. ನಡುವೆ ಗೋಡೆಯೇ ಇಲ್ಲ. ತೆಲುಗಿನ ಕಕಾರದ ಸಂಖ್ಯೆ 3093. ಕನ್ನಡದ ಕಕಾರದ ಸಂಖ್ಯೆ 3221. ಕಳೆದು ನೋಡಿ, 128! ಗಕಾರಕ್ಕೂ ಮಕಾರಕ್ಕೂ ಹೀಗೆಯೇ. ಒಂದೇ ತಾಯಿಬೇರಿನಿಂದ ಒಡೆದ ಎರಡು ಲಿಪಿಗಳು ಯಂತ್ರದೊಳಗೂ ಅಕ್ಕಪಕ್ಕದ ಮನೆಗಳಲ್ಲಿ ವಾಸವಾಗಿವೆ. ಈ ಊರಿನಲ್ಲಿರುವ ನಮ್ಮ ಮಕ್ಕಳ ಪುಟವು ಎರಡೂ ಭಾಷೆಗಳಲ್ಲಿ ಇರತಕ್ಕದ್ದು ನ್ಯಾಯ. ಸಭಾಂಗಣವನ್ನು ಕೊಡುವವರು, ಬಸ್ಸನ್ನು ಕೊಡುವವರು, ರಕ್ಷಣೆಗೆ ಬರುವ ಪೊಲೀಸರು, ಎಲ್ಲರೂ ತೆಲುಗಿನವರು. ಅವರ ಮುಂದೆ ನಾವು ಬಾಗಿಲು ಮುಚ್ಚಿಕೊಳ್ಳಬಾರದು. ಆದರೆ ಯಾವ ಭಾಗ ಯಾವ ಭಾಷೆಯದೆಂದು ಪುಟದ ಒಳಗಿನ ಬರಹದಲ್ಲಿ ಸೂಚಿಸಲೇಬೇಕು. ಕನ್ನಡಕ್ಕೆ ಕೆ-ಎನ್, ತೆಲುಗಿಗೆ ಟಿ-ಇ ಎಂಬ ಗುರುತುಗಳಿವೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವು ಈ ಗುರುತನ್ನು ನೋಡಿಯೇ ತನ್ನ ಧ್ವನಿಯನ್ನು ಆರಿಸಿಕೊಳ್ಳುತ್ತದೆ. ಸೂಚನಾಪತ್ರದ ಚಿತ್ರ ತೆಗೆದು ಹಾಕಿಬಿಟ್ಟರೆ ಆ ತಂತ್ರಾಂಶಕ್ಕೆ ಓದಲು ಅಕ್ಷರವೇ ಸಿಗದೆ ಹೋಗಬಹುದು.

ಭಾರದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬಳಕೆಯಲ್ಲಿರುವ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೆ 3 ಬೈಟುಗಳು ಬೇಕು. 'ಶಾಲೆ' ಎಂಬಲ್ಲಿ ಶಕಾರ, ಅದರ ದೀರ್ಘ, ಲಕಾರ, ಅದರ ಎತ್ವ, ಹೀಗೆ ನಾಲ್ಕು ಚಿಹ್ನೆಗಳಿರುವುದರಿಂದ 12 ಬೈಟುಗಳು. ಹತ್ತು ಸಾವಿರ ಚಿಹ್ನೆಗಳ ದೀರ್ಘ ಲೇಖನಕ್ಕೂ ಮೂವತ್ತು ಸಾವಿರ ಬೈಟುಗಳು ಸಾಕು. ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರವು ಮೂವತ್ತು ಲಕ್ಷ ಬೈಟುಗಳಿರುವುದು ಸಾಮಾನ್ಯ; ಅಂದರೆ ಅಂತಹ ನೂರು ಲೇಖನಗಳ ತೂಕ! ಅರಕಿನ ನಲವತ್ತು ಚಿತ್ರಗಳನ್ನೂ ಹಾಗೆಯೇ ಹಾಕಿದರೆ, ಪುಟ ತೆರೆಯುವಷ್ಟರಲ್ಲಿ ರೈಲಿನಲ್ಲಿರುವವನ ನಿಲ್ದಾಣವೇ ಬಂದಿರುತ್ತದೆ.

ಚಿತ್ರಗಳಿಗೆ ಭಾರಕ್ಕಿಂತಲೂ ದೊಡ್ಡ ದೋಷವೊಂದುಂಟು. ಮೊಬೈಲು ಅನೇಕ ವೇಳೆ ಚಿತ್ರದೊಳಗೆ ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಗಳಿಗೆಯನ್ನೂ ಗುಪ್ತವಾಗಿ ಬರೆದಿಟ್ಟಿರುತ್ತದೆ. ಮನೆಯ ಮುಂದೆ ನಿಂತ ಬಾಲಿಕೆಯ ಚಿತ್ರವನ್ನು ಇದ್ದ ಹಾಗೆಯೇ ಹಾಕಿದರೆ, ಅವಳ ಮನೆಯನ್ನು ಅಪರಿಚಿತರಿಗೆ ತೋರಿಸಿಕೊಟ್ಟಂತಾಗಬಹುದು. ಅದರ ಜೊತೆಗೆ ನಾಲ್ಕನೆಯ ಹಾಳೆಯ ಹೆಸರು, ತರಗತಿ, ಸಂಖ್ಯೆಗಳೂ ಸೇರಿದರೆ ಮೋಸಗಾರನಿಗೆ ಬೇಕಾದುದೆಲ್ಲ ಒಂದೇ ಕಡೆ ದೊರೆತಂತಾಯಿತು. 2023ರಲ್ಲಿ ನಮ್ಮ ದೇಶವು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನವು ಹದಿನೆಂಟು ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಸಮ್ಮತಿ ಬೇಕೆಂದು ವಿಧಿಸಿದೆ. "ನಾವು ಹತ್ತನೆಯ ತರಗತಿ, ಸಾರ್, ಮಕ್ಕಳಲ್ಲ" ಎಂದು ನಮ್ಮ ಹುಡುಗರು ಮುಖ ಸಿಂಡರಿಸಿದರು. ಶಾಸನಕ್ಕೆ ಮೀಸೆಯ ಲೆಕ್ಕವಿಲ್ಲ. ನಾಲ್ಕನೆಯ ಹಾಳೆಯನ್ನು ಅಂದೇ ಹರಿದುಹಾಕಿದೆವು. ಗುಂಪಿನ ಚಿತ್ರಗಳನ್ನು ಮನೆಯವರ ಲಿಖಿತ ಒಪ್ಪಿಗೆ ಪಡೆದ ಮೇಲೆ, ಚಿಕ್ಕದು ಮಾಡಿ, ಸ್ಥಳದ ಗುರುತನ್ನು ತೆಗೆದು, ಹೆಸರುಗಳಿಲ್ಲದೆ ಹಾಕುವುದೆಂದು ತೀರ್ಮಾನವಾಯಿತು. ಮುಂದಿನ ವಾರದ ಪ್ರವಾಸದ ವೇಳಾಪಟ್ಟಿಯನ್ನೂ ಬಹಿರಂಗವಾಗಿ ಬರೆಯದೆ, ತಂದೆತಾಯಿಗಳಿಗೆ ಮಾತ್ರ ತಿಳಿಸುವುದು ಕ್ಷೇಮ.

ಕೊನೆಯದಾಗಿ, ಬೀಗದ ಕೈ. ಜಾಲತಾಣದ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ವರ್ಷಕ್ಕಿಷ್ಟೆಂದು ಬಾಡಿಗೆ ಕಟ್ಟಬೇಕು. ಒಂದೇ ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಗಳಿಗೆ ಕಟ್ಟಬಹುದು. ಅವಧಿ ತಪ್ಪಿದರೆ ಆ ಹೆಸರನ್ನು ಯಾರು ಬೇಕಾದರೂ ಪಡೆಯಬಹುದು. ನಮಗೆ ತಿಳಿದ ಒಂದು ಸಣ್ಣ ಸಂಘದಲ್ಲಿ ಗುಪ್ತಪದವು ಒಬ್ಬನ ತಲೆಯಲ್ಲಿ ಮಾತ್ರವಿತ್ತು. ಅವನು ಪರಸ್ಥಳಕ್ಕೆ ಹೋದನು, ಬಾಡಿಗೆಯ ನೆನಪೋಲೆಗಳು ಅವನ ಹಳೆಯ ಅಂಚೆಪೆಟ್ಟಿಗೆಯಲ್ಲಿಯೇ ಉಳಿದವು. ಆರು ತಿಂಗಳ ಬಳಿಕ ಆ ವಿಳಾಸವನ್ನು ತೆರೆದ ತಾಯಂದಿರಿಗೆ ಕಂಡುದು ಜೂಜಾಟದ ಜಾಹೀರಾತು! ಮುದ್ರಿತ ಕರಪತ್ರಗಳಲ್ಲೆಲ್ಲ ಅದೇ ವಿಳಾಸವಿದ್ದುದರಿಂದ ಅವುಗಳನ್ನು ಸುಡಬೇಕಾಯಿತು. ಖರ್ಚಿಲ್ಲದೆ ಸ್ಥಳ ಕೊಡುವ ಕಂಪನಿಗಳೂ ಉಂಟು. ಶಾಖೆಯಲ್ಲಿ ಹಣವಿಲ್ಲದಿದ್ದರೆ ಅದರಲ್ಲಿ ನಾಚಿಕೆಯಿಲ್ಲ. ಆದರೆ ಅವರು ತಮ್ಮ ಜಾಹೀರಾತುಗಳನ್ನು ಪಕ್ಕದಲ್ಲಿ ಹಾಕುವರೇ ಎಂದು ಮೊದಲು ವಿಚಾರಿಸಬೇಕು.

ನಮ್ಮ ಶಾಖೆಯಲ್ಲಿ ಈಗ ಗುಪ್ತಪದವು ಕಾರ್ಯದರ್ಶಿಯ ಬಳಿಯಲ್ಲೊಂದು, ಹಿರಿಯ ಸಲಹೆಗಾರರ ಬಳಿಯಲ್ಲಿ ಮೊಹರು ಮಾಡಿದ ಲಕೋಟೆಯೊಳಗೊಂದು ಇದೆ. ಹೊಸ ಕಾರ್ಯದರ್ಶಿಯು ಅಧಿಕಾರ ವಹಿಸಿಕೊಂಡ ದಿನ, ಹಣದ ಪೆಟ್ಟಿಗೆ ಮತ್ತು ವರದಿ ಪುಸ್ತಕಗಳೊಡನೆ ಅದನ್ನೂ ರುಜು ಹಾಕಿ ಪಡೆದು, ಅಂದೇ ಬದಲಾಯಿಸಬೇಕೆಂದು ನಿಯಮ ಮಾಡಿದ್ದೇವೆ. ತಿರುಗುವ ಲಾಂಛನವು ನಿಂತಿತು, ವಾದ್ಯವು ಮೂಕವಾಯಿತು. ಅರಕಿನ ಚಿತ್ರಗಳಲ್ಲಿ ಮೂರು ಉಳಿದವು. ಓಡುವ ಅಕ್ಷರಗಳಿಗಾಗಿ ಒಬ್ಬ ಹುಡುಗನು ಇನ್ನೂ ವಾದಿಸುತ್ತಿದ್ದಾನೆ. ಮೊನ್ನೆ ವಿಜಯವಾಡ ಶಾಖೆಯವರೂ ಇದೇ ಮಾದರಿಯನ್ನು ಕೇಳಿ ತರಿಸಿಕೊಂಡರು. ಅವರು ಮಾಡಿದ ಮೊದಲ ಕೆಲಸವೆಂದರೆ ಹೈದರಾಬಾದಿನಲ್ಲಿರುವ ಹುಡುಗನ ಸಂಖ್ಯೆಯನ್ನು ಅಳಿಸಿದುದು.