ಬಳಿಯುವ ಮೊದಲು ಕೆರೆಯಬೇಕು

ಕರಾವಳಿಯ ಟಿಂಕರಿಂಗ್ ಗ್ಯಾರೇಜಿನಲ್ಲಿ ಲಿಫ್ಟಿಗೇರಿಸಿದ ಹತ್ತು ಹನ್ನೆರಡು ವರ್ಷದ ಕಾರಿನ ಕೆಳಗೆ ನಿಂತು ತಲೆಯೆತ್ತಿದರೆ, ಅದರ ಪಾಲಿಶ್ ಹಾಕಿದ ಮೈಯನ್ನಷ್ಟೇ ಕಂಡವರಿಗೆ ಇದು ಬೇರೆಯದೇ ಗಾಡಿ ಎನಿಸುತ್ತದೆ. ಮಡ್‌ಗಾರ್ಡಿನ ಒಳಮೂಲೆಯಲ್ಲಿ ವರ್ಷಗಳಿಂದ ಕೂತ ಕೆಂಪು ಮಣ್ಣು, ತಗಡಿನ ಜೋಡಣೆಗಳಲ್ಲಿ ಪದರಪದರವಾಗಿ ಎದ್ದ ಚಕ್ಕೆ. ಟಿಂಕರ್ ಸಣ್ಣ ಸುತ್ತಿಗೆ ಹಿಡಿದು ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ಉದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ. ತಗಡು ಗಟ್ಟಿಯಿದ್ದಲ್ಲಿ ‘ಠಣ್’ ಎನ್ನುತ್ತದೆ. ತುಕ್ಕು ತಿಂದಲ್ಲಿ ದನಿ ಕುಗ್ಗಿ ‘ದಬ್’ ಎನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ತುದಿ ಒತ್ತುತ್ತಾರೆ. ಕೆಲವೊಮ್ಮೆ ಅದು ಹಪ್ಪಳ ಮುರಿದಂತೆ ಒಳಗೆ ಹೋಗಿ, ಒಂದು ಹಿಡಿ ಕೆಂಪು ಹುಡಿ ನೆಲಕ್ಕೆ ಸುರಿಯುತ್ತದೆ. ಈ ಪರೀಕ್ಷೆಯಿಂದ ಶುರುವಾಗುವ ಕಸುಬನ್ನು ನಾವು ‘ಅಡಿಗೆ ಕೋಟಿಂಗ್ ಹೊಡೆಸಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಕೊನೆಯ ಅರ್ಧ ದಿನದ ಕೆಲಸದ ಹೆಸರನ್ನೇ ಇಡೀ ಕಸುಬಿಗೆ ಕೊಟ್ಟಿದ್ದರಿಂದ ನಮ್ಮ ಗಮನ, ಹಣ ಎರಡೂ ಆ ಅರ್ಧ ದಿನಕ್ಕೇ ಹೋಗುತ್ತಿವೆ. ತುಕ್ಕಿನ ಕೆಲಸದಲ್ಲಿ ಹೆಚ್ಚಿನ ಪಾಲು ತೊಳೆಯುವುದು, ಒಣಗಿಸುವುದು, ಕೆರೆಯುವುದು. ಅದನ್ನು ಮಾಡದೆ ಬಳಿದ ಕೋಟಿಂಗಿನ ಅಡಿಯಲ್ಲಿ ತುಕ್ಕು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಗಾಳಿಯ ಆಮ್ಲಜನಕ ಬೇಕು ಎಂದು ಶಾಲೆಯಲ್ಲಿ ಓದಿರುತ್ತೇವೆ. ತುಕ್ಕು ಮೂಲತಃ ವಿದ್ಯುತ್ತಿನ ವ್ಯವಹಾರ; ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಅದರ ವೇಗ ಹೆಚ್ಚುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಡಲ ಗಾಳಿಯಿಂದಲೋ, ಮೀನಿನ ಲಾರಿಯಿಂದ ರಸ್ತೆಗೆ ಸೋರಿದ ನೀರಿನಿಂದಲೋ ಗಾಡಿಯ ಅಡಿ ಸೇರಿದ ಉಪ್ಪು ಮಳೆಯಿಲ್ಲದ ದಿನವೂ ತಗಡನ್ನು ತೇವವಾಗಿಡುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ ನಿಜ, ಆದರೆ ದೋಷವನ್ನೆಲ್ಲ ಮಳೆಯ ಮೇಲೆ ಹೊರಿಸುವುದು ಸರಿಯಲ್ಲ. ನೀರು ರಭಸದಿಂದ ಬಡಿಯುವ ಭಾಗ ತೊಳೆದುಹೋಗುತ್ತದೆ. ಕೆಡುವುದು ನೀರು ಒಳಹೊಕ್ಕು ಹರಿದುಹೋಗದ ಸಂದುಗಳು. ಕೇಂಬ್ರಿಜ್‌ನ ವಿಜ್ಞಾನಿ ಯು.ಆರ್. ಇವಾನ್ಸ್ 1920ರ ದಶಕದಲ್ಲಿ ಕಬ್ಬಿಣದ ಮೇಲೆ ಒಂದೇ ಹನಿ ಉಪ್ಪುನೀರು ಇಟ್ಟು ಇದರ ಕಾರಣ ತೋರಿಸಿಕೊಟ್ಟರು. ಹನಿಯ ಅಂಚಿಗೆ ಗಾಳಿ ಧಾರಾಳ, ನಡುವಿಗೆ ಕಡಿಮೆ. ತುಕ್ಕು ಉಂಗುರದಂತೆ ಅಂಚಿನತ್ತ ಕಾಣುತ್ತದೆ, ಕಬ್ಬಿಣ ಕರಗುವುದು ಮಾತ್ರ ಗಾಳಿ ಕಡಿಮೆಯಿರುವ ನಡುವಿನಲ್ಲಿ. ಚಾಸಿಗೆ ಅಂಟಿದ ಒದ್ದೆ ಮಣ್ಣಿನ ಹೆಂಟೆ, ಅಂಟು ಬಿಟ್ಟ ರಬ್ಬರ್ ಕೋಟಿಂಗ್, ಎರಡು ತಗಡುಗಳ ನಡುವಿನ ಸಂದು, ಇವೆಲ್ಲವುಗಳ ಅಡಿಯಲ್ಲೂ ನಡೆಯುವುದು ಅದೇ.

ಹೀಗಿರುವಾಗ ತುಕ್ಕಿನ ಮೇಲೆಯೇ ಬಳಿಯುವ ದಪ್ಪ ಕಪ್ಪು ಲೇಪ ಏಕೆ ಅಪಾಯವೆಂದು ಊಹಿಸುವುದು ಕಷ್ಟವಲ್ಲ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಚಕ್ಕೆಗೆ ಅಂಟಿದ ಲೇಪ ಚಕ್ಕೆಯ ಜೊತೆಗೇ ಏಳುತ್ತದೆ, ಎದ್ದಲ್ಲಿ ಚೀಲದಂತಾಗಿ ಉಪ್ಪುನೀರನ್ನು ಹಿಡಿದಿಡುತ್ತದೆ. ಹೊರಗಿನಿಂದ ನೋಡಿದರೆ ಕರ್ರಗೆ ಚೊಕ್ಕವಾಗಿಯೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಹೊಸದಾಗಿ ಕಪ್ಪು ಬಳಿದ ಅಡಿಯನ್ನು ಕಂಡು ಸಮಾಧಾನಪಡದೆ, ಅಲ್ಲಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಬೇಕು. ಬಾಡಿಗೆ ವಾಹನಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ವಾಹನದ ಯೋಗ್ಯತಾ ತಪಾಸಣೆ) ಮಾಡಿಸುವ ಕಟ್ಟಳೆಯಿದೆ. ಖಾಸಗಿ ಕಾರಿನ ಮೊದಲ ನೋಂದಣಿ ಮಾತ್ರ 15 ವರ್ಷದ್ದು. ಅಲ್ಲಿಯವರೆಗೆ ಅಡಿಯನ್ನು ನೋಡಿಕೊಳ್ಳುವ ಹೊಣೆ ಮಾಲೀಕರದ್ದೇ.

ಕೆಲಸ ಬಲ್ಲವರು ನೀರಿನಿಂದಲೇ ಆರಂಭಿಸುತ್ತಾರೆ. ತುಕ್ಕಿಗೆ ನೀರೇ ಕಾರಣವಾಗಿರುವಾಗ ಮತ್ತೆ ನೀರು ಹೊಡೆಯುವುದೇಕೆ ಎಂದು ಕೇಳಬಹುದು. ಉಪ್ಪನ್ನು ಬಿಡಿಸಲು ನೀರೇ ಬೇಕು. ತೊಳೆಯದೆ ಗ್ರೈಂಡರ್ ಹಿಡಿದರೆ ಉಪ್ಪು ತಗಡಿನ ಗುಳಿಗಳಲ್ಲೇ ಉಳಿದು, ಮುಂದೆ ಪೇಂಟಿನಡಿಗೆ ತೇವ ಸೆಳೆದು ಗುಳ್ಳೆ ಎಬ್ಬಿಸುತ್ತದೆ. ಸಿಹಿನೀರಿನಿಂದ ಒತ್ತಡದಲ್ಲಿ ತೊಳೆದು, ಪೂರ್ತಿ ಒಣಗುವ ತನಕ ಬಿಸಿಲಿಗೆ ನಿಲ್ಲಿಸಿ, ಆಮೇಲೆ ಉಳಿ ಸುತ್ತಿಗೆಗಳಿಂದ ದಪ್ಪ ಚಕ್ಕೆ ಎಬ್ಬಿಸುತ್ತಾರೆ. ಉಳಿದದ್ದಕ್ಕೆ ಗ್ರೈಂಡರಿಗೆ ಸಿಕ್ಕಿಸಿದ ತಂತಿಬ್ರಷ್, ಮೂಲೆಗಳಿಗೆ ಎಮರಿ ಪೇಪರ್. ತಂತಿಬ್ರಷ್‌ನ ಒಂದು ಮೋಸ ತಿಳಿದಿರಬೇಕು: ಅದು ತುಕ್ಕನ್ನು ತೆಗೆಯುವ ಬದಲು ಉಜ್ಜಿ ಉಜ್ಜಿ ಕಂದು ಹೊಳಪಿಗೆ ತರುತ್ತದೆ, ಮಬ್ಬು ಬೆಳಕಿನಲ್ಲಿ ಅದು ಲೋಹದಂತೆಯೇ ಕಾಣುತ್ತದೆ. ಅದಕ್ಕೇ ಟಾರ್ಚನ್ನು ಓರೆಯಾಗಿ ಹಿಡಿದು, ಬೆಳ್ಳಗಿನ ಲೋಹದ ನಡುವೆ ಗುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದಿದೆಯೇ ಎಂದು ನೋಡುತ್ತಾರೆ. ಮರಳು ಚಿಮ್ಮಿಸುವ ಬ್ಲಾಸ್ಟಿಂಗ್ ಆ ಗುಳಿಗಳನ್ನೂ ತಲುಪುತ್ತದೆ. ಆದರೆ ತೆಳು ತಗಡು ಅದರ ಹೊಡೆತಕ್ಕೆ ಸೊಟ್ಟಗಾಗಬಹುದು, ಒಣ ಮರಳಿನ ಧೂಳು ಶ್ವಾಸಕೋಶ ಹೊಕ್ಕರೆ ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ಕೆಲಸದವರ ಮುಖಕ್ಕೆ ಬರೀ ಬಟ್ಟೆ ಕಟ್ಟಿಸಿ ಅದನ್ನು ಮಾಡಿಸುವುದನ್ನು ಒಪ್ಪಲಾರೆ.

ಗುಳಿಯಲ್ಲಿ ಉಳಿದ ತೆಳು ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ, ಇಲ್ಲವೇ ಟ್ಯಾನಿಕ್ ಆಮ್ಲ. ಟ್ಯಾನಿನ್ ತಾಗಿದ ಕೆಂಪು ತುಕ್ಕು ನೋಡುತ್ತಿದ್ದಂತೆ ನೀಲಿಗಪ್ಪಿಗೆ ತಿರುಗುತ್ತದೆ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದೂ, ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನ. ಫಾಸ್ಫಾರಿಕ್ ಆಮ್ಲದಲ್ಲಿರುವ ರಂಜಕದ (ಫಾಸ್ಫರಸ್) ಗುಣವೂ ನಮಗೆ ಹೊಸದಲ್ಲ. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬ ಸುಮಾರು 1,600 ವರ್ಷ ಉಳಿದಿರುವುದಕ್ಕೆ, ಕಬ್ಬಿಣದಲ್ಲಿನ ಹೆಚ್ಚು ರಂಜಕದಿಂದ ಮೇಲ್ಮೈಯಲ್ಲಿ ಬೆಳೆದ ಫಾಸ್ಫೇಟ್ ಪದರ ಕಾರಣವೆಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ಹಾಗೆಂದು ಕನ್ವರ್ಟರನ್ನು ಕೆರೆಯುವ ಕೆಲಸಕ್ಕೆ ಬದಲಿ ಎಂದುಕೊಳ್ಳಬಾರದು. ತೆಳುವಾಗಿ, ಗಟ್ಟಿಯಾಗಿ ಅಂಟಿದ ತುಕ್ಕನ್ನಷ್ಟೇ ಅದು ಬದಲಿಸಬಲ್ಲದು. ದಪ್ಪ ಚಕ್ಕೆಯ ಬುಡಕ್ಕೆ ಇಳಿಯುವುದಿಲ್ಲ. ಕೆರೆದು ಬರಿದಾದ ಕಬ್ಬಿಣ ಈ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಪ್ರೈಮರ್ ಅದೇ ದಿನ ಬೀಳಬೇಕು. ಎಪಾಕ್ಸಿ ಪ್ರೈಮರ್ ಇದಕ್ಕೆ ಒಳ್ಳೆಯದು. ಹಡಗುಗಳಿಗೆ ಬಳಸುವ ಕೆಲವು ಎಪಾಕ್ಸಿ ಪೇಂಟ್‌ಗಳ ಹಾರ್ಡ್‌ನರನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದಲೇ ತಯಾರಿಸುತ್ತಾರೆ. ದೋಣಿಯ ಮರಕ್ಕೆ ಅದೇ ಎಣ್ಣೆ ಬಳಿದು ಕಾಪಾಡಿಕೊಂಡ ಕರಾವಳಿಗೆ ಇದು ಹತ್ತಿರದ ಸಂಗತಿ.

ಇಷ್ಟೆಲ್ಲ ಬೇಕೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಈಗಿನ ಕಾರುಗಳ ಬಾಡಿಯನ್ನು ಕಾರ್ಖಾನೆಯಲ್ಲೇ ಪೇಂಟಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಪ್ರೈಮರ್ ಕೂರಿಸುತ್ತಾರೆ. ಹಲವು ತಗಡುಗಳಿಗೆ ಸತುವಿನ ಲೇಪವೂ ಇರುತ್ತದೆ. ಹೊಸ ಗಾಡಿಗೆ ಮತ್ತೊಂದು ಕೋಟಿಂಗ್ ಬೇಡವೆನ್ನುವವರ ಮಾತಿನಲ್ಲಿ ಹುರುಳಿದೆ. ಕಲ್ಲು ಹೊಡೆದು ಪೇಂಟ್ ಹಾರಿದ ಜಾಗ, ಜಾಕ್ ಕೊಟ್ಟ ಜಾಗ ಸರಿಪಡಿಸಿ, ಮಳೆಗಾಲದಲ್ಲಿ ಆಗಾಗ ಅಡಿ ತೊಳೆಸಿದರೆ ಮೊದಲ ಕೆಲವು ವರ್ಷಕ್ಕೆ ಸಾಕು. ಇನ್ನು ಕೆಲವರು ಹಳೆ ಎಂಜಿನ್ ಆಯಿಲ್ ಬಳಿದರೆ ಖರ್ಚೇ ಇಲ್ಲವಲ್ಲ ಎನ್ನುತ್ತಾರೆ. ಎಣ್ಣೆ ನೀರನ್ನು ದೂರವಿಡುತ್ತದೆ, ಅದು ಸುಳ್ಳಲ್ಲ. ಆದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಮೆತ್ತಗಾಗಿಸುತ್ತದೆ, ಮಳೆಯಲ್ಲಿ ತೊಟ್ಟಿಕ್ಕಿ ಅಂಗಳಕ್ಕೂ ಬಾವಿಗೂ ಸೇರುತ್ತದೆ. ಬಾವಿ ನೀರು ಕುಡಿಯುವ ಊರಿನಲ್ಲಿ ಅದನ್ನು ಉಳಿತಾಯವೆಂದು ಲೆಕ್ಕ ಹಾಕಲಾಗದು. ಹಳೆ ಗಾಡಿಯ ಬೆಲೆಗಿಂತ ದುರಸ್ತಿಯೇ ಹೆಚ್ಚಾಗುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಚಾಸಿಯೇ ತೂತಾಗಿದ್ದರೆ, ಸಸ್ಪೆನ್ಷನ್ ಕೂರುವ ಜಾಗವೇ ಪುಡಿಯಾಗಿದ್ದರೆ ಗಾಡಿಯನ್ನು ಬಿಟ್ಟುಬಿಡುವುದೇ ಸರಿ. ಆದರೆ ಅಡಿಯ ಉದ್ದಕ್ಕೂ ಉಕ್ಕಿನ ಬ್ರೇಕ್ ಪೈಪ್ ಹಾದುಹೋಗಿರುತ್ತದೆ ಎಂಬುದನ್ನು ಮರೆತು ಈ ಲೆಕ್ಕ ಮಾಡಬಾರದು. ಸೂಜಿಮೊನೆಯಷ್ಟು ತೂತಾದರೂ ಪೆಡಲ್ ಕೆಳಗಿಳಿಯುತ್ತದೆ.

ತೂತುಬಿದ್ದ ತಳದ ತಗಡಿಗೆ ಫೈಬರ್, ಪುಟ್ಟಿ ಮೆತ್ತಿ ಮುಚ್ಚುವವರಿದ್ದಾರೆ. ಆದರೆ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದೇ ದಾರಿ. ಅದಕ್ಕೂ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಬೇಕು, ಹತ್ತಿರದ ಪೆಟ್ರೋಲ್ ಟ್ಯಾಂಕ್, ಪೈಪ್ ಇಳಿಸಬೇಕು. ಬ್ರೇಕ್ ಡಿಸ್ಕ್, ಸೈಲೆನ್ಸರ್, ರಬ್ಬರ್ ಬುಷ್‌ಗಳ ಮೇಲೆ ಕೋಟಿಂಗ್ ಬೀಳದಂತೆ ಮುಚ್ಚಬೇಕು. ಇಷ್ಟಾದರೂ ರನ್ನಿಂಗ್ ಬೋರ್ಡಿನ, ಚಾಸಿಯ ಪೊಳ್ಳಿನ ಒಳಮೈಗೆ ಗ್ರೈಂಡರ್ ತಲುಪುವುದಿಲ್ಲ. ಅಲ್ಲಿಗೆ ಉದ್ದ ಕೊಳವೆಯ ನಾಝಲ್‌ನಿಂದ ತೆಳು ಮೇಣ ಸಿಂಪಡಿಸುತ್ತಾರೆ. ಪೊಳ್ಳಿನ ತಳದಲ್ಲಿ ತಯಾರಕರೇ ಬಿಟ್ಟಿರುವ, ಒಳಗಿನ ನೀರು ಹೊರಬರುವ ಸಣ್ಣ ತೂತುಗಳು ಹಳೆ ಕೋಟಿಂಗಿನ ಅಡಿಯಲ್ಲಿ ಮುಚ್ಚಿಹೋಗಿರುವುದು ಅಪರೂಪವಲ್ಲ. ಅದಕ್ಕಾಗಿ ಮೇಣ ಸಿಂಪಡಿಸುವ ಮೊದಲೇ ಪ್ರತಿ ತೂತಿಗೂ ಬಗ್ಗಿಸಿದ ತಂತಿ ಹಾಕಿ ತಿರುವಬೇಕು. ಮೊದಲು ಒಣ ಮಣ್ಣು ಉದುರುತ್ತದೆ, ಆಮೇಲೆ ಒಂದಷ್ಟು ತುಕ್ಕಿನ ಹುಡಿ, ಕೊನೆಗೆ ಯಾವುದೋ ಹಳೆ ಮಳೆಯ ಕೆಂಪು ನೀರು ಹನಿಹನಿಯಾಗಿ ಇಳಿದು ಬರುತ್ತದೆ.